ಯಾರೂ ತೊಳೆದು ನೋಡದ ಹೆಬ್ಬೆರಳು

"ದೊಡ್ಡ ಊರಿನ ದವಾಖಾನ್ಯಾಗ ಬೆರಳ ತಗೀಬೇಕಂತ ಹೇಳ್ಯಾರ್ರಿ ಬಾಯಾರ. ಮುಂದಿನ ವಾರ ಬರ್ರಿ ಅಂದಾರ. ಇವತ್ತ ನೀವು ಇಲ್ಲೇ ಇರ್ತೀರಂತ ಗೊತ್ತಿತ್ತು, ಒಂದ ಸಲ ತೋರಿಸಿ ಹೋದ್ರಾತಂತ ಬಂದ್ವಿ."

ಹೀಗೆ ಹೇಳಿದವಳು ರೋಗಿಯಲ್ಲ, ರೋಗಿಯ ಅತ್ತೆ. ಹುಳುಕು ಹಲ್ಲು ಕೀಳಿಸುವ ಮಾತಾಡಿದಷ್ಟು ಸಲೀಸಾಗಿ ಹೇಳಿದಳು. ಸೊಸೆ ಸ್ಟೂಲಿನ ಮೇಲೆ ಕುಳಿತು ಬಲಗಾಲನ್ನು ನೆಲಕ್ಕೆ ತಾಗಿಸದೆ ಎತ್ತಿ ಹಿಡಿದುಕೊಂಡಿದ್ದಳು. ಮೂವತ್ತು ದಾಟಿರಬಹುದಾದ, ಕುಳ್ಳಗಿನ, ಮಾತು ಕಡಿಮೆಯ ಹೆಣ್ಣುಮಗಳು. ಗಜೇಂದ್ರಗಡದ ನೇಕಾರರ ಓಣಿಯವಳು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದಾಳೆ.

ನಾನು ಸರ್ಕಾರಿ ಶಸ್ತ್ರವೈದ್ಯೆ. ಮನೆ ನರಗುಂದದಲ್ಲಿ, ಕೆಲಸ ರೋಣದಲ್ಲಿ, ವಾರಕ್ಕೆರಡು ದಿನ ಗಜೇಂದ್ರಗಡದಲ್ಲಿ. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ನಮ್ಮ ಸಿಸ್ಟರ್ ಎಲ್ಲರ ಮುಂದೆ ಹೇಳುತ್ತಿರುತ್ತಾಳೆ. ಬೇಗ ಬರುವುದಿಲ್ಲ, ಬಂದದ್ದು ಹೋಗುವುದಿಲ್ಲ, ಅಷ್ಟೇ. ಈ ಬೆರಳಿನ ವಿಷಯದಲ್ಲಿ ಬಂದ ಸಿಟ್ಟು ಇನ್ನೂ ಹೋಗಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದೆ. ಅದರೊಳಗೆ ಇನ್ನೊಂದು ಬಟ್ಟೆ, ಅದರೊಳಗೆ ಮಗ್ಗದಲ್ಲಿ ಉಳಿದ ನೂಲಿನ ಬಿಗಿಯಾದ ಸುತ್ತು, ಅದರ ಕೆಳಗೆ ಸುಣ್ಣ, ಬೆಲ್ಲ, ಅರಿಶಿನ ಕಲಸಿ ಮೆತ್ತಿದ ಮುದ್ದೆ. ಮುದ್ದೆ ಒಣಗಿ ಕಲ್ಲಾಗಿತ್ತು. ಬೆರಳಿನ ತುದಿ ಕಪ್ಪಗಿತ್ತು. ನಾತ ಕೋಣೆಯ ಬಾಗಿಲಿನ ತನಕ ಹೋಗಿ, ಸಾಲಿನಲ್ಲಿ ಮುಂದೆ ನಿಂತಿದ್ದ ಇಬ್ಬರು ಮೂಗಿಗೆ ಸೆರಗು ಹಿಡಿದುಕೊಂಡರು.

"ದೊಡ್ಡ ಊರಿನ ದವಾಖಾನ್ಯಾಗ ಏನ್ ಮಾಡಿದ್ರು?" ಎಂದು ಕೇಳಿದೆ.

"ನೋಡಿದ್ರರಿ."

"ತೊಳದು ನೋಡಿದ್ರೋ, ಹಂಗ ನೋಡಿದ್ರೋ?"

ಅತ್ತೆ ಸೊಸೆಯ ಮುಖ ನೋಡಿದಳು. ಸೊಸೆ ಮೊದಲ ಸಲ ಬಾಯಿ ಬಿಟ್ಟಳು. "ಬಾಗಲದಾಗ ನಿಂತು ನೋಡಿದ್ರರಿ. ಸಕ್ರಿ ಜಾಸ್ತಿ ಐತಿ, ಬೆರಳ ಸತ್ತೈತಿ, ಬಿಟ್ರ ಕಾಲಿಗೆ ಏರತೈತಿ ಅಂದ್ರು."

ಸಕ್ಕರೆ ಎಲ್ಲಿಂದ ಬಂತೆಂದು ಕೆದಕಿದೆ. ಅಲ್ಲಿಗೆ ಹೋಗುವ ದಿನ ಇವಳಿಗೆ ನಿಶ್ಶಕ್ತಿ ಎಂದು ಇಲ್ಲಿಯ ಒಂದು ಖಾಸಗಿ ದವಾಖಾನೆಯಲ್ಲಿ ಗ್ಲುಕೋಸ್ ಬಾಟಲಿ ಏರಿಸಿದ್ದರು. ಆ ಬಾಟಲಿ ಮುಗಿಸಿಕೊಂಡು ನೇರ ಅಲ್ಲಿಗೆ ಹೋಗಿ ರಕ್ತ ಕೊಟ್ಟಿದ್ದಾರೆ. ಮೈಯೊಳಗೆ ಸಕ್ಕರೆ ನೀರು ಹರಿಸಿ ಸಕ್ಕರೆ ಕಾಯಿಲೆ ಎಂದು ಹೇಳುವ ವಿದ್ಯೆ ನಾನು ಕಲಿತ ಕಾಲೇಜಿನಲ್ಲಂತೂ ಇರಲಿಲ್ಲ. ಊಟಕ್ಕೆ ಮೊದಲಿನದು, ಮೂರು ತಿಂಗಳ ಸರಾಸರಿಯದು, ರಕ್ತದ ಸಕ್ಕರೆಯ ಎರಡೂ ಪರೀಕ್ಷೆ ಮಾಡಿಸಿದೆ. ಎರಡೂ ಸರಿಯಾಗಿದ್ದವು.

ಆದರೆ ವರದಿ ಬರುವವರೆಗೆ ಕಾಯಬೇಕಾಗಿರಲಿಲ್ಲ. ಪಾದದ ಮೇಲಿನ ನಾಡಿ ನನ್ನ ಬೆರಳಿಗೆ ಚೆನ್ನಾಗಿ ಸಿಗುತ್ತಿತ್ತು. ಕಾಲಿನ ಹರಡಿನ ಹಿಂದಿನದೂ ಸಿಕ್ಕಿತು. ಕಾಲು ಬೆಚ್ಚಗಿತ್ತು. ಹೆಬ್ಬೆರಳಿನ ಬುಡ ಒತ್ತಿ ಬಿಟ್ಟರೆ ಬೆಳ್ಳಗಾದ ಚರ್ಮ ತಕ್ಷಣ ಕೆಂಪಾಗುತ್ತಿತ್ತು. ಸೂಜಿಯ ಮೊನೆ ತಾಗಿಸಿದರೆ ಹೆಣ್ಣುಮಗಳು ಹಲ್ಲು ಕಚ್ಚುತ್ತಿದ್ದಳು. ಸತ್ತ ಬೆರಳಿಗೆ ಇಷ್ಟು ನೋವು ಇರುವುದಿಲ್ಲ.

ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತರಿಸಿ ಉಪ್ಪು ಹಾಕಿ ಕಾಲು ಇಡಿಸಿದೆ. ಸಾಲು ಗೊಣಗುತ್ತಿತ್ತು, ಗೊಣಗಲಿ ಎಂದು ಬಿಟ್ಟೆ. ನೀರು ಮೊದಲು ಹಳದಿಯಾಯಿತು, ಆಮೇಲೆ ಕಂದಾಯಿತು. ಸಿಸ್ಟರ್ ನೀರು ಚೆಲ್ಲಿ ಬೇರೆ ತಂದಳು. ಒದ್ದೆ ಹತ್ತಿಬಟ್ಟೆಯಿಂದ ಒರೆಸುತ್ತ, ಚಿಮಟದಿಂದ ಸಣ್ಣ ಸಣ್ಣ ಚೂರು ಬಿಡಿಸುತ್ತ ಹೋದೆ. ಸುಣ್ಣ ಮೇಲಿನ ಚರ್ಮವನ್ನು ಸುಟ್ಟಿತ್ತು. ಸುಟ್ಟ ಚರ್ಮ, ಬೆಲ್ಲ, ಅರಿಶಿನ, ಹಳೆಯ ರಕ್ತ ಎಲ್ಲ ಸೇರಿ ಗಟ್ಟಿಯಾಗಿ ಕಪ್ಪು ಟೊಪ್ಪಿಗೆಯಂತೆ ಕೂತಿತ್ತು. ಆ ಟೊಪ್ಪಿಗೆ ಇಡಿಯಾಗಿ ಕಳಚಿ ಬಂದಾಗ ಕೆಳಗೆ ಕೆಂಪಗಿನ, ಊದಿದ, ಹಸಿಯಾದ, ಪೂರ್ತಿ ಜೀವಂತ ಬೆರಳು ಇತ್ತು.

ಆ ಹೊತ್ತಿಗೆ ನನಗೆ ಬಂದ ಸಿಟ್ಟು ಯಾರ ಮೇಲೆ ತೋರಿಸಬೇಕೆಂದು ತಿಳಿಯಲಿಲ್ಲ. ಒಬ್ಬ ಶಸ್ತ್ರವೈದ್ಯ ಬಾಗಿಲಲ್ಲಿ ನಿಂತು, ಮುಟ್ಟದೆ, ತೊಳೆಯದೆ, ಒಂದು ಹೆಣ್ಣಿನ ಬೆರಳನ್ನು ಕಡಿದು ಹಾಕುವ ದಿನ ಗೊತ್ತು ಮಾಡಿದ್ದ. ತಪ್ಪು ಓದಿನದಲ್ಲ. ಅಷ್ಟು ಓದದೆ ಆ ಕುರ್ಚಿ ಸಿಗುವುದಿಲ್ಲ. ಬಗ್ಗಿ ನೋಡಲಿಲ್ಲ, ಅದು ತಪ್ಪು.

ಆಗಿದ್ದೇನೆಂದರೆ ಉಗುರಿನ ಅಂಚು ಮಾಂಸದೊಳಕ್ಕೆ ಇಳಿದಿತ್ತು, ಅಷ್ಟೇ. ಉಗುರು ಬೆಳೆಯುವುದು ಹಿಂದಿನ ಚರ್ಮದ ಕೆಳಗಿರುವ ಬೇರಿನಿಂದ. ಅದರ ಎರಡು ಅಂಚುಗಳೂ ಎರಡು ಬದಿಯ ಕಾಲುವೆಗಳಲ್ಲಿ ಮುಂದಕ್ಕೆ ಸರಿಯುತ್ತ ಬರುತ್ತವೆ. ನೇರವಾಗಿ ಅಡ್ಡ ಕತ್ತರಿಸಿದರೆ ಮೂಲೆ ಮಾಂಸದ ಹೊರಗೇ ಉಳಿಯುತ್ತದೆ. ಮೂಲೆಯನ್ನು ಗುಂಡಗೆ ಕೆತ್ತಿದರೆ, ಅಲಗು ಮುಟ್ಟದ ಆಳದಲ್ಲಿ ಒಂದು ಚೂಪು ಉಳಿಯುತ್ತದೆ. ಉಗುರು ಮುಂದೆ ಬೆಳೆದ ಹಾಗೆ ಆ ಚೂಪು ಮಾಂಸವನ್ನು ಚುಚ್ಚುತ್ತ ಹೋಗುತ್ತದೆ. ಮೈ ಅದನ್ನು ಜಾಲಿಮುಳ್ಳು ಎಂದೇ ತಿಳಿಯುತ್ತದೆ. ಕೀವು ಮಾಡುತ್ತದೆ, ಮೇಲೆ ಹಸಿಮಾಂಸ ಬೆಳೆಸುತ್ತದೆ, ಮುಟ್ಟಿದರೆ ರಕ್ತ.

"ಮೊದಲ ಯಾರರ ಉಗುರ ಕಿತ್ತಾರೇನು?"

"ಎರಡ ಸಲ ಕಿತ್ತಾರ್ರಿ, ಇಲ್ಲೇ ಊರಾಗ," ಎಂದಳು ಅತ್ತೆ. "ಪೂರಾ ಉಗುರ ತಗದ ಕೈಯಾಗ ಕೊಟ್ರು. ಹೊಳ್ಳಿ ಬಂತು, ಮೊದಲಿಗಿಂತ ದಪ್ಪ ಬಂತು."

ಬರದೆ ಏನು ಮಾಡೀತು? ಬೇರು ಇದ್ದಲ್ಲೇ ಇದೆ. ಉಗುರು ಪೂರ್ತಿ ಕಿತ್ತಾಗ ತುದಿಯ ಮಾಂಸ ಮೇಲೆದ್ದು ಗೋಡೆಯಾಗುತ್ತದೆ, ಹೊಸ ಉಗುರು ಬಂದು ಆ ಗೋಡೆಗೇ ಗುದ್ದುತ್ತದೆ. ಕಿತ್ತವನಿಗೆ ಇದು ಗೊತ್ತಿರಬೇಕಿತ್ತು. ಒಂದು ಸಲ ಗೊತ್ತಿರಲಿಲ್ಲ ಎನ್ನೋಣ, ಎರಡನೇ ಸಲವೂ ಅದನ್ನೇ ಮಾಡಿದ್ದಾನೆ.

ಮೊದಲು ಚಾಕು ಇಲ್ಲದೆ ಸರಿಪಡಿಸಲು ನೋಡಿದೆ. ಬೆರಳಿನ ಬುಡಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಲೈನ್ ಬಾಟಲಿಯ ನಳಿಕೆಯಿಂದ ಉಗುರಿನಷ್ಟುದ್ದದ ಒಂದು ತುಂಡು ಕತ್ತರಿಸಿ, ಅದನ್ನು ಉದ್ದಕ್ಕೆ ಸೀಳಿದೆ. ಮಾಂಸದಲ್ಲಿ ಅಡಗಿದ್ದ ಉಗುರಿನ ಅಂಚನ್ನು ಮೆಲ್ಲಗೆ ಎತ್ತಿ, ಸೀಳಿದ ನಳಿಕೆಯನ್ನು ಅಂಚಿಗೆ ಒರೆಯಂತೆ ತೊಡಿಸಿದೆ. ಇದರಿಂದ ಉಗುರು ಮಾಂಸಕ್ಕೆ ತಾಗದೆ ನಳಿಕೆಯ ಮೇಲೆ ಜಾರಿ ಮುಂದೆ ಬರುತ್ತದೆ. ಪಟ್ಟಿ ಅಂಟಿಸಿ ಊದಿದ ಮಾಂಸವನ್ನು ಪಕ್ಕಕ್ಕೆ ಎಳೆದು ಕಟ್ಟಿದೆ. ರೋಣದಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ಎಲುಬಿಗೆ ಏನೂ ಆಗಿರಲಿಲ್ಲ.

"ದಿನಾ ಎರಡ ಹೊತ್ತು ಬಿಸಿನೀರಾಗ ಕಾಲ ಇಡೂದು. ಸುಣ್ಣ ಬ್ಯಾಡ, ಬೆಲ್ಲ ಬ್ಯಾಡ. ನಾ ಹೇಳೂತನಕ ಮಗ್ಗಕ್ಕ ಕೂಡಬಾರದು. ಮತ್ತ ಉಗುರಿನ ಮೂಲಿಗೆ ಯಾರೂ ಕೈ ಹಚ್ಚಬಾರದು," ಎಂದು ಅತ್ತೆಗೆ ತಿಳಿಯುವಂತೆ ಗಟ್ಟಿಯಾಗಿ ಹೇಳಿದೆ. ದೊಡ್ಡ ಊರಿನ ದಿನವನ್ನು ಬಿಟ್ಟುಬಿಡಿ ಎಂದೂ ಹೇಳಿದೆ. ಇಬ್ಬರೂ ತಲೆಯಾಡಿಸಿದರು.

ಬೆರಳಿನ ಬಾವು ಇಳಿಯುತ್ತಾ ಬಂತು. ಎರಡು ಸಲ ಬಂದು ತೋರಿಸಿ ಹೋದರು. ಕೀವು ನಿಂತಿತು, ಹಸಿಮಾಂಸ ಬತ್ತಿತು, ಸೊಸೆ ಚಪ್ಪಲಿ ಮೆಟ್ಟಿಕೊಂಡು ನಡೆದು ಬಂದಳು. ನನಗೂ ಸ್ವಲ್ಪ ಹೆಮ್ಮೆಯಾಯಿತು. ಹೆಮ್ಮೆಪಟ್ಟದ್ದೇ ತಡ, ಮುಂದಿನ ಸಲ ಗಂಡ ಅವಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಬಂದ. ಬೆರಳು ಬದನೆಕಾಯಿಯಾಗಿತ್ತು. ಕೆಂಪು ಪಾದದ ಮೇಲೆ ಹತ್ತಿತ್ತು. ನಳಿಕೆ ಇರಲಿಲ್ಲ. ಉಗುರಿನ ಎರಡೂ ಮೂಲೆಗಳನ್ನು ಆಳಕ್ಕೆ ಕೆತ್ತಲಾಗಿತ್ತು.

"ಯಾರ್ ಮಾಡಿದ್ದಿದು?"

"ನಾನರಿ," ಎಂದಳು ಹಿಂದಿನಿಂದ ಆಟೋದಲ್ಲಿ ಬಂದಿದ್ದ ಅತ್ತೆ. ಅಂಜಿಕೆ ಇಲ್ಲ, ನಾಚಿಕೆ ಇಲ್ಲ.

"ನಾ ಏನ್ ಹೇಳಿದ್ದೆ ನಿಮಗ?"

"ನೀವು ಹೇಳಿದ್ರಿ ಖರೇ. ಆದ್ರ ಮನ್ಯಾಗ ಹೊಸಾ ಹಾಸ ಹೂಡಿದ್ವಿ. ಹಾಸ ಹೂಡೂ ದಿನ ಮನೀ ಮಂದಿದೆಲ್ಲಾ ಕೈಕಾಲ ಉಗುರ ನಾನ ತಗಿಯೂದು. ನಮ್ಮ ಅತ್ತಿ ತಗೀತಿದ್ಲು, ಈಗ ನಾ ತಗೀತೀನಿ. ಎಳಿ ಸಿಕ್ಕು ಹರದ್ರ ಹಾಸ ಹೋಗತೈತ್ರಿ. ಉಗುರ ಹೋದ್ರ ಹೊಳ್ಳಿ ಬರತೈತಿ."

ಸೀರೆಯ ಉದ್ದಕ್ಕೂ ಹಾಯುವ ಎಳೆಗಳನ್ನು ಮಗ್ಗಕ್ಕೆ ಏರಿಸುವುದೇ ಹಾಸು ಹೂಡುವುದು. ಸಾವಿರಾರು ಎಳೆ, ಕೈ ಕಾಲು ಎರಡರಿಂದಲೂ ಹಿಡಿಯಬೇಕು, ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಹೊಸೆಯಬೇಕು. ಒಂದು ಗೀರು ಉಗುರು ಇದ್ದರೂ ರೇಷ್ಮೆ ಎಳೆ ಜಗ್ಗಿ ಹರಿಯುತ್ತದೆ. ಹಾಗಾಗಿ ಆ ದಿನ ಮನೆಯ ಹಿರಿಯಳು ನೂಲು ಕೊಯ್ಯುವ ಬ್ಲೇಡಿನಿಂದ ಎಲ್ಲರ ಉಗುರನ್ನೂ ಮೂಲೆ ಉಳಿಯದ ಹಾಗೆ ಗುಂಡಗೆ ಕೆತ್ತುತ್ತಾಳೆ. ಅದೊಂದು ಅಕ್ಕರೆಯ ಕೆಲಸ. ಸೊಸೆಯ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ನೋಯದಂತೆ ಊದುತ್ತ ಕೆತ್ತಿದ್ದಾಳೆ. ಕೆತ್ತಿದ ಮೇಲೆ ಎರಡು ದಿನ ನೋವು ಕಡಿಮೆಯೂ ಆಗಿದೆ, ಚುಚ್ಚುತ್ತಿದ್ದ ಚೂಪು ಹೋಯಿತಲ್ಲ. ಆಮೇಲೆ ಒಳಗೆ ಉಳಿದ ಚೂಪು ತನ್ನ ಕೆಲಸ ಶುರು ಮಾಡಿದೆ.

ನಾನು ಬೈದೆ. ಸಾಲಿನವರಿಗೆಲ್ಲ ಕೇಳುವಂತೆ ಬೈದೆ. ಆಕೆ ಕೇಳಿಸಿಕೊಂಡಳು, ಕಡೆಗೆ, "ಮುಗೀತೇನ್ರಿ?" ಎಂದಳು. ನಮ್ಮ ಸಿಸ್ಟರ್ ಮುಖ ತಿರುಗಿಸಿ ನಕ್ಕದ್ದು ನನಗೆ ಕಂಡಿತು.

ಗಂಡನ ಮಾತು ನನ್ನನ್ನು ಇನ್ನೂ ಉರಿಸಿತು. ಅವನು ಒಳ್ಳೆಯ ಮನುಷ್ಯನೇ, ನೇಯ್ದ ಸೀರೆಗಳನ್ನು ಪೇಟೆಗೆ ಮುಟ್ಟಿಸುವವನು. "ಮೇಡಂ, ಸಿಟ್ಟಾಗಬ್ಯಾಡ್ರಿ. ಎಷ್ಟ ಸಲ ಅಡ್ಡಾಡೂದು? ದೊಡ್ಡ ಊರಿನವ್ರು ತಗೀತೀವಿ ಅನ್ನಾಕತ್ತಾರ. ಒಂದ ಸಲ ತಗಸಿಬಿಟ್ರ ಕಾಟ ಹೋಗತೈತಿ. ಒಂದ ಬೆರಳ ತಾನ."

"ನಿಂದ ಬೆರಳಾಗಿದ್ರ?"

ಅವನು ಬೈಕಿನ ಕೀಲಿ ತಿರುವತೊಡಗಿದ. ಸೊಸೆ ನೆಲ ನೋಡುತ್ತಿದ್ದಳು. ಅವಳನ್ನು ಕೇಳಿದೆ, "ತಂಗಿ, ನಿನಗೇನ್ ಬೇಕು?"

"ನನಗ ಬೆರಳ ಬೇಕ್ರಿ," ಎಂದಳು. ಅಷ್ಟು ದಿನಗಳಲ್ಲಿ ಅವಳನ್ನು ಆ ಪ್ರಶ್ನೆ ಕೇಳಿದವರು ಯಾರೂ ಇದ್ದಂತಿರಲಿಲ್ಲ.

ಸೋಂಕು ಇಳಿಯಲು ಇಂಜೆಕ್ಷನ್ ಶುರು ಮಾಡಿದೆ. ಕೆಂಪು ಇಳಿಯುವವರೆಗೆ ದೊಡ್ಡ ಊರಿಗೆ ಹೋಗುವುದಿಲ್ಲ ಎಂದು ಗಂಡನಿಂದ ಮಾತು ತೆಗೆದುಕೊಂಡೆ. ಅದಕ್ಕಿಂತ ಹೆಚ್ಚು ಸಮಯ ಅವನು ಕೊಡಲಿಲ್ಲ. ಅಂದು ಕೆಲಸ ಮುಗಿದ ಮೇಲೆ ಬಸ್ ಹತ್ತುವ ಬದಲು ಅವರ ಮನೆಗೆ ಹೋದೆ. ಯಾಕೆ ಹೋದೆ ಎಂದರೆ, ಎಡಗಾಲಿನ ಹೆಬ್ಬೆರಳಿನ ಮೂಲೆಯನ್ನೂ ಅದೇ ಬ್ಲೇಡಿನಿಂದ ಕೆತ್ತಿದ್ದರು, ಅದಕ್ಕೆ ಏನೂ ಆಗಿರಲಿಲ್ಲ. ಬಲಗಾಲಿಗೇ ಯಾಕೆ ಎಂಬುದು ನನ್ನ ತಲೆಯಿಂದ ಹೋಗುತ್ತಿರಲಿಲ್ಲ.

ಪಡಸಾಲೆಯ ಅರ್ಧ ಜಾಗವನ್ನು ಮಗ್ಗ ಹಿಡಿದಿತ್ತು. ನೇಯುವವರು ನೆಲದ ಮಟ್ಟದಲ್ಲಿ ಕೂತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು, ತಳದ ಹಲಗೆಗಳನ್ನು ತುಳಿಯುತ್ತಾರೆ. ನೂಲು ಒಣಗಿ ಹರಿಯಬಾರದೆಂದು ಕುಣಿಯೊಳಗೆ ನೀರು ಚಿಮುಕಿಸಿದ್ದರು. ಒಳಗೆ ತಂಪು, ತೇವ. ದಿನವಿಡೀ ಅಲ್ಲಿದ್ದರೆ ಕಾಲಿನ ಚರ್ಮ ಮೆತ್ತಗಾಗದೆ ಇನ್ನೇನಾದೀತು? ಸೊಸೆಗೆ ತುಳಿಯಬೇಡ, ಸುಮ್ಮನೆ ಕೂತು ತೋರಿಸು ಎಂದೆ. ಬ್ಯಾಟರಿ ಹಿಡಿದು ಕುಣಿಯೊಳಗೆ ಬಗ್ಗಿ ನೋಡಿದೆ.

ಅವಳ ಪಾದ ಹಲಗೆಗೆ ಪೂರ್ತಿ ಮುಟ್ಟುತ್ತಿರಲಿಲ್ಲ. ಬಲಗಾಲನ್ನು ಚಾಚಿ, ಹೆಬ್ಬೆರಳಿನ ತುದಿಯಿಂದ ಒತ್ತಬೇಕಿತ್ತು. ಭಾರವಾದ ಹಲಗೆ ಬಲಗಡೆಯದು, ಅದನ್ನೇ ಹೆಚ್ಚು ತುಳಿಯಬೇಕು. ಪ್ರತಿ ಸಲ ತುಳಿದಾಗಲೂ ಬೆರಳ ತುದಿಯ ಮಾಂಸ ಮೇಲೆ ಉಬ್ಬಿ ಉಗುರಿನ ಮೊನೆಗೆ ತಾನೇ ಹೋಗಿ ಚುಚ್ಚಿಕೊಳ್ಳುತ್ತದೆ.

"ಈ ಕುಣಿ ಯಾರ ಅಳತಿಗೆ ತೋಡಿದ್ದು?"

"ನಮ್ಮ ಮಾವಂದು," ಎಂದಳು ಅತ್ತೆ. "ಎತ್ತರ ಆಳು. ಅವ ಹೋದ ಮ್ಯಾಲ ನಾ ಕುಂತೆ, ನನ್ನ ಹಿಂದ ಇಕಿ ಕುಂತ್ಲು."

ಆಕೆಯೂ ಸೊಸೆಯಷ್ಟೇ ಕುಳ್ಳಗಿದ್ದಳು. ದವಾಖಾನೆಗೆ ಬರುವಾಗಲೆಲ್ಲ ಹೊಲಕ್ಕೆ ಹೋಗುವವರು ಹಾಕುವ ಪ್ಲಾಸ್ಟಿಕ್ ಬೂಟು ಹಾಕಿಕೊಂಡು ಬರುತ್ತಿದ್ದಳು. ಮನೆಯಲ್ಲಿ ಬರಿಗಾಲಲ್ಲಿದ್ದಳು. ಬಗ್ಗಿದ್ದ ನನ್ನ ಕಣ್ಣಿನ ನೇರಕ್ಕೆ ಆಕೆಯ ಬಲಪಾದ ಇತ್ತು. ಅದಕ್ಕೆ ಹೆಬ್ಬೆರಳು ಇರಲಿಲ್ಲ. ಇದ್ದ ಜಾಗದಲ್ಲಿ ನಯವಾದ, ಬಿಳಿಯ ಕಲೆ.

ನಾನು ನೋಡುತ್ತಿರುವುದು ಆಕೆಗೆ ಗೊತ್ತಾಯಿತು. "ನಂದೂ ಹಿಂಗ ಆಗಿತ್ತರಿ. ಇಕಿ ಗಂಡ ಇನ್ನಾ ಸಾಲಿಗೆ ಹೋಗ್ತಿದ್ದ. ಅವಾಗೂ ಸತ್ತೈತಿ ಅಂದ್ರು, ತಗದ್ರು. ನಾ ಏನ್ ನೇಯೂದ ಬಿಟ್ಟೆನು? ಉಳದ ಬೆರಳ್ಲೆ ತುಳದೆ."

ಆಗ ತಿಳಿಯಿತು, ಗಂಡ "ಒಂದ ಬೆರಳ ತಾನ" ಎಂದದ್ದು ಎಲ್ಲಿಂದ ಬಂತೆಂದು. ಅವನು ಬೆರಳಿಲ್ಲದ ತಾಯಿಯ ಕಾಲನ್ನು ನೋಡುತ್ತಲೇ ಬೆಳೆದಿದ್ದ. ಈ ಮನೆಯಲ್ಲಿ ಮಗ್ಗಕ್ಕೆ ಕೂತ ಹೆಂಗಸಿನ ಹೆಬ್ಬೆರಳು ಹೋಗುವುದು ಮುಪ್ಪಿನಲ್ಲಿ ಹಲ್ಲು ಬೀಳುವಷ್ಟೇ ಸಹಜ ಎಂದುಕೊಂಡಿದ್ದರು. ನನಗೆ ಮತ್ತೆ ಸಿಟ್ಟು ಬಂತು. ಇಬ್ಬರು ಹೆಂಗಸರು ಒಬ್ಬ ಎತ್ತರದ ಗಂಡಸಿನ ಅಳತೆಯ ಕುಣಿಯಲ್ಲಿ ಕೂತು ಕಾಲು ಚಾಚಿದ್ದಾರೆ. ಹಲಗೆಯನ್ನು ನಾಲ್ಕು ಬೆರಳು ಮೇಲಕ್ಕೆ ತಂದರೆ ಮುಗಿಯುತ್ತಿತ್ತು. ಆ ಮನೆಯ ಗಂಡಸರಿಗೆ ಹೊಳೆಯಲಿಲ್ಲ, ಬೆರಳು ಕಡಿದ ಡಾಕ್ಟರಿಗೆ ಕೇಳಬೇಕೆನಿಸಲಿಲ್ಲ, ಉಗುರು ಕಿತ್ತವನಿಗೆ ಈ ಮನೆ ನಾಲ್ಕು ಹೆಜ್ಜೆ, ಅವನೂ ಹೋಗಲಿಲ್ಲ.

"ಕುಣಿಗೆ ಮಣ್ಣ ತುಂಬಿ ಎತ್ತರ ಮಾಡ್ರಿ," ಎಂದೆ.

ಅತ್ತೆ ಎರಡೂ ಕೈ ಅಡ್ಡ ಹಿಡಿದಳು. "ಬಿಡ್ತು ಅನ್ರಿ! ಮಗ್ಗದ ಕುಣಿಗೆ ಮಣ್ಣ ಹಾಕೂದಂದ್ರ ಮನೀ ಕಸಬಿಗೆ ಮಣ್ಣ ಹಾಕಿಧಂಗ. ಅದೊಂದ ಆಗೂದಿಲ್ಲ."

"ಹಂಗಾದ್ರ ಉಗುರ ಕೆತ್ತೂದರ ಬಿಡ್ರಿ."

"ಹಾಸ ಹೂಡೂ ದಿನ ಹ್ಯಾಂಗ ಬಿಡ್ಲಿ?"

ನರಗುಂದದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಇದನ್ನೇ ಯೋಚಿಸುತ್ತಾ ಹೋದೆ. ನಳಿಕೆ ಮತ್ತೆ ಹಾಕಬಹುದು, ಮುಂದಿನ ಹಾಸು ಹೂಡುವಾಗ ಬ್ಲೇಡು ಮತ್ತೆ ಬರುತ್ತದೆ. ಆಕೆ ನನ್ನ ಮಾತು ಕೇಳುವುದಿಲ್ಲ, ನಾನು ಬೈದಷ್ಟೂ ಕೇಳುವುದಿಲ್ಲ. ಬ್ಲೇಡು ಬಂದೇ ಬರುವುದಾದರೆ ಅದಕ್ಕೆ ಕೆತ್ತಲು ಮೂಲೆಯೇ ಸಿಗಬಾರದು. ಉಗುರಿನ ಎರಡೂ ಅಂಚಿನ ಸಣ್ಣ ಪಟ್ಟಿಯನ್ನು ತೆಗೆದು, ಆ ಪಟ್ಟಿ ಹುಟ್ಟುವ ಬೇರನ್ನು ಶಾಶ್ವತವಾಗಿ ಸುಟ್ಟರೆ ಉಗುರು ಜೀವನಪೂರ್ತಿ ಕಿರಿದಾಗಿಯೇ ಬೆಳೆಯುತ್ತದೆ, ಅಂಚು ಮಾಂಸದ ಹತ್ತಿರವೇ ಸುಳಿಯುವುದಿಲ್ಲ. ದಾರಿಯಲ್ಲಿ ಯಾವಗಲ್ ಊರು ಬರುವಷ್ಟರಲ್ಲಿ ನಿರ್ಧಾರ ಮಾಡಿದ್ದೆ. ಸಂತೋಷದಿಂದ ಮಾಡಿದ ನಿರ್ಧಾರವಲ್ಲ. ಒಂದು ಬ್ಲೇಡನ್ನು ಬಿಡಿಸಲಾಗದೆ ಹೆಣ್ಣಿನ ಉಗುರನ್ನು ಸಣ್ಣದು ಮಾಡಲು ಹೊರಟಿದ್ದೆ. ಆದರೆ ಬೆರಳು ಉಳಿಯಬೇಕಿತ್ತು.

ಬೇರು ಸುಡಲು ಫಿನಾಲ್ ಎಂಬ ರಾಸಾಯನಿಕ ಬೇಕು. ಸರ್ಕಾರದಿಂದ ಆಸ್ಪತ್ರೆಗೆ ಔಷಧ ಕೊಡಿಸುವವರನ್ನು ಫೋನಿನಲ್ಲಿ ಕೇಳಿದರೆ, "ಉಗುರಿಗೆ ಇಷ್ಟೆಲ್ಲಾ ಯಾಕ್ರಿ ಮೇಡಂ?" ಎಂದರು. ಎಲ್ಲರ ಬಾಯಲ್ಲೂ ಅದೇ ಮಾತು. ಬೆರಳು ಕಡಿಯಲು ಯಾರ ಅಪ್ಪಣೆಯೂ ಬೇಡ, ಉಗುರು ಉಳಿಸಲು ನೂರು ಪ್ರಶ್ನೆ. ನರಗುಂದದಲ್ಲಿ ನನಗೆ ಗುರುತಿನ ಔಷಧ ಅಂಗಡಿಯವರು ಹುಬ್ಬಳ್ಳಿಯಿಂದ ಒಂದು ಸಣ್ಣ ಬಾಟಲಿ ತರಿಸಿಕೊಟ್ಟರು.

ಕೆಂಪು ಇಳಿದ ಮೇಲೆ ಒಂದು ಬೆಳಗ್ಗೆ ಗಜೇಂದ್ರಗಡದಲ್ಲೇ ಮಾಡಿದೆ. ಗಂಡ ಹೊರಗೆ ಕೂತ. ಅತ್ತೆ ಒಳಗೇ ಇರುತ್ತೇನೆ ಎಂದು ಹಟ ಹಿಡಿದಳು, ಸೊಸೆಯೂ "ಅತ್ತಿ ಇರ್ಲಿ" ಎಂದಳು. ತಲೆಯ ಕಡೆ ನಿಲ್ಲಿಸಿ, ಏನನ್ನೂ ಮುಟ್ಟಬೇಡ ಎಂದೆ.

ಬೆರಳಿನ ಬುಡದ ಎರಡೂ ಬದಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕಾದೆ. ಚುಚ್ಚಿ ನೋಡಿ, ನೋವಿಲ್ಲ ಎಂದ ಮೇಲೆ ಬುಡಕ್ಕೆ ರಬ್ಬರ್ ಪಟ್ಟಿ ಬಿಗಿದೆ. ರಕ್ತ ಹರಿಯುತ್ತಿದ್ದರೆ ಫಿನಾಲ್ ತೆಳುವಾಗಿ ಕೆಲಸ ಕೆಡುತ್ತದೆ. ಆ ಪಟ್ಟಿಯನ್ನು ಮರೆತರೆ ಬೆರಳು ನಿಜವಾಗಿಯೂ ಸಾಯುತ್ತದೆ, ಹಾಗಾಗಿ ಅದರ ತುದಿಗೆ ಚಿಮಟ ಸಿಕ್ಕಿಸಿ ಕಣ್ಣಿಗೆ ಕಾಣುವಂತೆ ಇಟ್ಟೆ. ಉಗುರಿನ ಅಂಚಿನಿಂದ ಸ್ವಲ್ಪ ಒಳಗೆ, ಗಟ್ಟಿ ಕತ್ತರಿಯಿಂದ ನೇರವಾಗಿ ಬೇರಿನವರೆಗೆ ಸೀಳಿದೆ. ಸೀಳಿದ ಪಟ್ಟಿಯನ್ನು ಚಿಮಟದಲ್ಲಿ ಗಟ್ಟಿ ಹಿಡಿದು ಒಳಮುಖವಾಗಿ ತಿರುವಿದೆ. ಪಟ್ಟಿ ಬುಡದವರೆಗೂ ಇಡಿಯಾಗಿ ಎದ್ದು ಬಂತು. ಅದರ ತುದಿಯಲ್ಲಿ, ಬ್ಲೇಡು ಮುಟ್ಟದೆ ಉಳಿದಿದ್ದ ಚೂಪು ಮೀನಿನ ಗಾಳದಂತೆ ಬಾಗಿತ್ತು.

ಹಸಿಮಾಂಸ ಕೆರೆದು ತೆಗೆದೆ. ಸುತ್ತಲಿನ ಚರ್ಮಕ್ಕೆ ವ್ಯಾಸಲಿನ್ ಸವರಿದೆ. ಕಡ್ಡಿಗೆ ಸುತ್ತಿದ ಹತ್ತಿಯನ್ನು ಫಿನಾಲಿನಲ್ಲಿ ಅದ್ದಿ, ಹೆಚ್ಚಿನದನ್ನು ಹಿಂಡಿ, ಖಾಲಿಯಾದ ಮೂಲೆಯೊಳಗೆ ಒತ್ತಿ ತಿರುವಿದೆ. ತೆಗೆದು ಹೊಸ ಹತ್ತಿ ಹಾಕಿ ಮತ್ತೆ ತಿರುವಿದೆ. ಒಳಗಿನ ಚರ್ಮ ಬೂದು ಬಣ್ಣಕ್ಕೆ ತಿರುಗಿತು. ಸ್ಪಿರಿಟ್‌ನಿಂದ ತೊಳೆದೆ. ಇನ್ನೊಂದು ಬದಿಗೂ ಅದನ್ನೇ ಮಾಡಿದೆ. ರಬ್ಬರ್ ಬಿಚ್ಚಿದಾಗ ಬಿಳಿಚಿಕೊಂಡಿದ್ದ ಬೆರಳಿಗೆ ರಕ್ತ ಓಡಿ ಬಂದು ಗುಲಾಬಿಯಾಯಿತು.

ಅತ್ತೆ ಇಷ್ಟು ಹೊತ್ತೂ ನೋಡುತ್ತಿದ್ದಳು. ಟ್ರೇಯಲ್ಲಿದ್ದ ಉಗುರಿನ ಪಟ್ಟಿಯನ್ನು ತೋರಿಸಿದೆ. "ಇದನ್ನ ನೋಡ್ರಿ. ನೀವು ಮ್ಯಾಲಿಂದ ಕೆತ್ತೀರಿ, ಒಳಗ ಇದು ಉಳದೈತಿ." ಆಕೆ ಬಗ್ಗಿ ನೋಡಿದಳು.

ಫಿನಾಲ್ ಹಾಕಿದ ಗಾಯ ಕೆಲವು ವಾರ ನೀರು ಸುರಿಸುತ್ತದೆ ಎಂದು ಮೊದಲೇ ಹೇಳಿದ್ದೆ. ಆದರೂ ನಾಲ್ಕು ದಿನಕ್ಕೆ ಗಂಡನ ಫೋನು ಬಂತು. "ಮೇಡಂ, ನೀರ ಬರಾಕತ್ತೈತಿ. ಮತ್ತ ಕೆಡಾಕತ್ತೈತಿ. ನಾವು ದೊಡ್ಡ ಊರಿಗೆ ಹೊಂಟ್ವಿ."

"ಹೊಂಟ್ರ ಹೋಗು. ಹೋಗೂದಕ್ಕಿಂತ ಮೊದಲ ಆಕಿ ಬೆರಳ ಒತ್ತಿ ನೋಯತೈತೇನ ಅಂತ ಕೇಳು. ಕೆಂಪ ಏರೈತೇನ ನೋಡು. ಜ್ವರಾ ಬಂದಾವೇನ ನೋಡು." ಅವನು ಅಲ್ಲೇ ಹೆಂಡತಿಯನ್ನು ಕೇಳಿದ್ದು ಫೋನಿನಲ್ಲಿ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ, "ಇಲ್ರಿ, ಏನೂ ಇಲ್ರಿ," ಎಂದ. ಮದುವೆಯಾದಾಗಿನಿಂದ ಅವನು ಹೆಂಡತಿಯ ಕಾಲು ಕೈಯಲ್ಲಿ ಹಿಡಿದು ನೋಡಿದ್ದು ಅದೇ ಮೊದಲಿರಬೇಕು. ಅವತ್ತು ಸಂಜೆ ಬಡಿಗೇರನ ಹತ್ತಿರ ಹೋಗಿ ಎರಡು ಕಟ್ಟಿಗೆ ತುಂಡು ಕೊಯ್ಯಿಸಿ ತಂದು ಹಲಗೆಗಳ ಮೇಲೆ ಜಡಿದೆನೆಂದು ಮರುದಿನ ಫೋನು ಮಾಡಿ ಹೇಳಿದ. ಕುಣಿಗೆ ಮಣ್ಣು ಬೀಳಲಿಲ್ಲ, ಕಾಲು ಮಾತ್ರ ಹಲಗೆಗೆ ಮುಟ್ಟಿತು. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ವರ್ಷ ಬೇಕಾಯಿತು ಎಂದು ಅವನಿಗೆ ಹೇಳಬೇಕೆಂದಿದ್ದೆ. ಹೇಳಲಿಲ್ಲ, ಅವನ ದನಿಯಲ್ಲಿ ಅದು ಆಗಲೇ ಇತ್ತು.

ಗಾಯ ಒಣಗಿ, ಹೊಸ ಹಾಸು ಮುಗಿದು, ಇನ್ನೊಂದು ಹಾಸು ಹೂಡಿದ ಮೇಲೆ ಅತ್ತೆ ಸೊಸೆ ಇಬ್ಬರೂ ಬಂದರು. ಹಾಸು ಹೂಡಿದ ದಿನ ಅತ್ತೆ ಮತ್ತೆ ಬ್ಲೇಡು ಹಿಡಿದಿದ್ದಳು, ಕೆತ್ತಲು ಮೂಲೆ ಸಿಗದೆ ತುದಿಯನ್ನಷ್ಟೇ ಸವರಿ ಬಿಟ್ಟಿದ್ದಳು. ಉಗುರು ಕಿರಿದಾಗಿ, ನೇರವಾಗಿ, ಎರಡೂ ಬದಿಗೆ ಆರೋಗ್ಯದ ಮಾಂಸ ಬಿಟ್ಟುಕೊಂಡು ಬೆಳೆಯುತ್ತಿತ್ತು. ನಾನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದೆ. ಸೊಸೆ ನಕ್ಕಳು. "ಏನೂ ಇಲ್ರಿ. ದಿನಾ ಕುಂದರಾಕತ್ತೀನಿ."

"ಇನ್ನ ಬರೂದ ಬ್ಯಾಡ, ಹೋಗ್ರಿ," ಎಂದೆ.

ಅತ್ತೆ ಏಳಲಿಲ್ಲ. ಸೊಸೆಯ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು, ತಾನೂ ಒತ್ತಿ ನೋಡಿದಳು. ಈ ಬದಿ, ಆ ಬದಿ, ತುದಿ. ಆಮೇಲೆ ನನ್ನ ಕಡೆ ತಿರುಗಿದಳು. ಥ್ಯಾಂಕ್ಸ್ ಹೇಳುತ್ತಾಳೆ ಎಂದುಕೊಂಡೆ. ಆಕೆಯ ಮುಖ ಕೆಂಪಾಗಿತ್ತು.

"ಇಷ್ಟ ಕೆಲಸ ಇತ್ತೇನ್ರಿ ಬಾಯಾರ?"

"ಹೌದು. ಇಷ್ಟ."

"ಒಂದು ಸೂಜಿ, ಒಂದು ಕತ್ತರಿ. ಚಾ ಕಾಸೂವಷ್ಟರಾಗ ಮುಗೀತು."

"ಹೌದು."

"ಮತ್ತ ನಂದ ಯಾಕ ಕಡದ್ರು?"

ಆಕೆಯ ದನಿ ಸಾಲಿನವರೆಗೂ ಹೋಯಿತು. "ನಾ ಬ್ಯಾನ್ಯಾಗ ಒದರಿದಾಗ ನಮ್ಮತ್ತಿ ಸುಮ್ಮನಿರು ಅಂದ್ಲು. ನನ್ನ ಗಂಡ ಹೊರಗ ಕುಂತಿದ್ದ. ಕಡದವ ಹೆಸರ ಸೈತ ಕೇಳಲಿಲ್ಲ. ಮನೀಗೆ ಬಂದು ಮೂರನೇ ವಾರಕ್ಕ ಮಗ್ಗದಾಗ ಕುಂತೆ ನಾನು. ಹಣೇಬರ ಅಂತ ಕುಂತೆ. ಇಷ್ಟ ಇತ್ತಂತ ಯಾರರ ಹೇಳಬೇಕಿತ್ತಲ್ರಿ ನನಗ? ಯಾರರ ಒಬ್ಬರು?"

ಸೊಸೆ ಅತ್ತೆಯ ಭುಜದ ಮೇಲೆ ಕೈ ಇಟ್ಟಳು. ಆಕೆ ಕೊಡವಿ ಹಾಕಿದಳು. ಬಗ್ಗಿ ಪ್ಲಾಸ್ಟಿಕ್ ಬೂಟು ಕಳಚಿ ಎಸೆದು, ಆ ಬೆರಳಿಲ್ಲದ ಪಾದವನ್ನು ಸ್ಟೂಲಿನ ಮೇಲೆ, ನನ್ನ ಮುಂದೆ ಇಟ್ಟಳು.

"ನೋಡ್ರಿ," ಎಂದಳು. "ಇವತ್ತರ ನೋಡ್ರಿ."

ಸಿಸ್ಟರ್ ಮುಂದಿನವರನ್ನು ಕರೆಯಲು ಬಾಗಿಲಿಗೆ ಹೋಗಿದ್ದಳು. ಸ್ವಲ್ಪ ತಡಿ ಎಂದೆ. ಕುರ್ಚಿ ಮುಂದಕ್ಕೆ ಎಳೆದುಕೊಂಡು, ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ನೋಡಿದೆ.